ಹೆಸರಿನ ಜೊತೆ ಬಂದ ಋಣ

2001ರ ಮೇ 24, ಗುರುವಾರ. ನನಗೆ ಅಂದು ಮಧ್ಯಾಹ್ನದ ಪಾಳಿ. ಮಗನನ್ನು ಶಾಲೆಯ ಬಸ್ಸಿಗೆ ಹತ್ತಿಸಿ, ಹಾಲಿನ ಕ್ಯಾನು ಹಿಡಿದು ನೆರೆಮನೆಯ ಕೊಟ್ಟಿಗೆಗೆ ಹೋದೆ. ವರ್ಮಾಂಟ್ ರಾಜ್ಯದ ರಟ್ಲೆಂಡ್ ಪಟ್ಟಣದಿಂದ ಪೂರ್ವಕ್ಕೆ ಗುಡ್ಡ ಹತ್ತಿದರೆ ಸಿಗುವ ಸಣ್ಣ ಊರು ನಮ್ಮದು. ಸಿದ್ದಾಪುರದ ಅಡಿಕೆ ತೋಟದ ಮನೆಯಿಂದ ಬಂದ ನನಗೆ ಈ ದೇಶದಲ್ಲಿ ಮೊದಲು ಹತ್ತಿರವಾದದ್ದು ಆ ಕೊಟ್ಟಿಗೆಯ ವಾಸನೆ. ಅದರ ಯಜಮಾನರಿಗೆ ಆಗ ಎಪ್ಪತ್ತಾರು ವರ್ಷ. ನನ್ನ ಮಗ ಅವರನ್ನು ‘ಕೊಟ್ಟಿಗೆ ಅಜ್ಜ’ ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ಅದೇ ಹೆಸರು ನಿಂತಿತು.

ನಾನು ಹೋದಾಗ ಹಾಲು ಕರೆದಾಗಿತ್ತು. ಅಜ್ಜ ಬಕೆಟ್ಟನ್ನು ಬೋರಲು ಹಾಕಿಕೊಂಡು ಕೂತು ರೇಡಿಯೋ ಕೇಳುತ್ತಿದ್ದರು. ಬರ್ಲಿಂಗ್ಟನ್ನಿನಲ್ಲಿ ನಮ್ಮ ಸೆನೆಟರ್ ಜಿಮ್ ಜೆಫರ್ಡ್ಸ್ ಮಾತಾಡುತ್ತಿದ್ದರು. ತಾವು ರಿಪಬ್ಲಿಕನ್ ಪಕ್ಷ ಬಿಡುತ್ತಿರುವುದಾಗಿ, ಇನ್ನು ಮುಂದೆ ಪಕ್ಷೇತರರಾಗಿ ಸೆನೆಟ್‌ನಲ್ಲಿ ಕೂರುವುದಾಗಿ ಹೇಳಿದರು. ಆಗ ಸೆನೆಟ್‌ನಲ್ಲಿ ಎರಡೂ ಪಕ್ಷಗಳಿಗೆ ಐವತ್ತೈವತ್ತು ಸ್ಥಾನ. ಒಬ್ಬರು ಎದ್ದುಹೋದರೆ ಬಹುಮತದ ತಕ್ಕಡಿ ಆಚೆಗೆ ವಾಲುತ್ತಿತ್ತು. ದೇಶವೆಲ್ಲ ಅಂದು ಆ ಲೆಕ್ಕವನ್ನೇ ಮಾತಾಡಿತು. ಅಜ್ಜ ಬಹಳ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿ ಕೇಳಿದರು: “ಬಿಟ್ಟು ಹೋದದ್ದು ಯಾರು? ಅವನಾ, ಪಕ್ಷವಾ?”

ಈ ಪ್ರಶ್ನೆ ಅವರಿಗೆ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಅವರ ಮುತ್ತಜ್ಜ 1864ರ ಮೇ ತಿಂಗಳಲ್ಲಿ ವರ್ಜೀನಿಯಾದ ವಿಲ್ಡರ್‌ನೆಸ್ ಕಾಳಗದಲ್ಲಿ ಸತ್ತವರು. ಅಲ್ಲಿ ವರ್ಮಾಂಟಿನ ಒಂದೇ ಬ್ರಿಗೇಡಿನ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು, ಇಲ್ಲವೇ ಗಾಯಗೊಂಡರು. ವಿಧವೆಯಾದ ಮುತ್ತಜ್ಜಿ ರಿಪಬ್ಲಿಕನ್ ಅಧ್ಯಕ್ಷ ಅಬ್ರಹಾಂ ಲಿಂಕನ್ನರ ಚಿತ್ರವೊಂದನ್ನು ತಂದು ನಡುಕೋಣೆಯಲ್ಲಿ ತೂಗುಹಾಕಿದರು. ನಾನು ನೋಡುವ ಹೊತ್ತಿಗೆ ಗಾಜಿನೊಳಗೆ ತೇವದ ಕಲೆ ಹಬ್ಬಿತ್ತು. ಚಿತ್ರ ಮಾತ್ರ ಮೊಳೆಯಿಂದ ಕದಲಿರಲಿಲ್ಲ. ರಾಜ್ಯವೂ ಹಾಗೆಯೇ ಕದಲದೆ ನಿಂತದ್ದು. 1856ರಿಂದ 1960ರವರೆಗೆ ನಡೆದ 27 ಅಧ್ಯಕ್ಷೀಯ ಚುನಾವಣೆಗಳಲ್ಲಿ ಒಂದನ್ನೂ ತಪ್ಪಿಸದೆ ರಿಪಬ್ಲಿಕನ್ನರಿಗೆ ಮತ ಕೊಟ್ಟ ನಾಡು ಇದು. 1912ರಲ್ಲಿ ಥಿಯೋಡರ್ ರೂಸ್ವೆಲ್ಟ್ ಪಕ್ಷ ಒಡೆದು ಹೊರಗೆ ನಿಂತಾಗ, ಪಕ್ಷದ ಅಧಿಕೃತ ಅಭ್ಯರ್ಥಿ ಟ್ಯಾಫ್ಟ್ ಗೆದ್ದದ್ದು ಎರಡೇ ರಾಜ್ಯಗಳನ್ನು: ಯೂಟಾ, ವರ್ಮಾಂಟ್. 1936ರಲ್ಲಿ ಫ್ರಾಂಕ್ಲಿನ್ ರೂಸ್ವೆಲ್ಟರ ಅಲೆಯಲ್ಲಿ ದೇಶವೆಲ್ಲ ಕೊಚ್ಚಿಹೋದಾಗಲೂ ಉಳಿದದ್ದು ಎರಡೇ: ಮೇನ್, ವರ್ಮಾಂಟ್.

ಇಷ್ಟಾದರೂ ಇಲ್ಲಿ ಮತದಾರರ ಪಟ್ಟಿಯಲ್ಲಿ ಪಕ್ಷದ ಹೆಸರು ಬರೆಸುವ ಪದ್ಧತಿಯೇ ಇಲ್ಲ. ಬೇರೆ ಹಲವು ರಾಜ್ಯಗಳಲ್ಲಿ ನೋಂದಣಿಯ ಕಾಗದದಲ್ಲೇ ಪಕ್ಷದ ಗುರುತಿರುತ್ತದೆ. ಇಲ್ಲಿ ಅದು ಗೋಡೆಯ ಮೇಲಿನ ಚಿತ್ರದಲ್ಲಿರುತ್ತದೆ, ಊಟಕ್ಕೆ ಕೂತಾಗಿನ ಮಾತಿನಲ್ಲಿರುತ್ತದೆ. ಬಿಡಬೇಕೆಂದರೆ ರಾಜೀನಾಮೆಯನ್ನು ಯಾರಿಗೆ ಬರೆಯುವುದು? ಸತ್ತ ಮುತ್ತಜ್ಜನಿಗೆ?

ಕೊಟ್ಟಿಗೆ ಅಜ್ಜನ ಮಾತು ನನ್ನನ್ನು ಇರಿಯಲು ಕಾರಣವಿತ್ತು. ನಮ್ಮ ಮನೆಯ ಜಗಲಿಯಲ್ಲೂ ಅಂಥದೇ ಒಂದು ಚಿತ್ರವಿತ್ತು, ಗಾಂಧೀಜಿಯವರದು. ನನ್ನ ಅಜ್ಜ 1932ರ ಕರನಿರಾಕರಣೆಯಲ್ಲಿ ಜಮೀನು ಜಪ್ತಿಯಾಗುವುದನ್ನು ಕಣ್ಣಾರೆ ಕಂಡವರು. 1969ರಲ್ಲಿ ಕಾಂಗ್ರೆಸ್ ಒಡೆಯಿತು. 1971ರ ಮಾರ್ಚಿನ ಚುನಾವಣೆಯ ಹೊತ್ತಿಗೆ ಹಳೆಯ ಜೋಡೆತ್ತಿನ ಗುರುತು ಎರಡು ಬಣಗಳಲ್ಲಿ ಯಾವುದಕ್ಕೂ ದಕ್ಕಿರಲಿಲ್ಲ. ಒಂದು ಕಡೆ ಹಸು ಕರು, ಇನ್ನೊಂದು ಕಡೆ ಚರಕ ತಿರುಗಿಸುವ ಹೆಂಗಸು. ಹದಿಮೂರು ವರ್ಷದ ನಾನು ಅಜ್ಜನ ಕೈಹಿಡಿದು ಮತಗಟ್ಟೆಯ ಬಾಗಿಲ ತನಕ ಹೋಗಿದ್ದೆ. ಹೊರಗೆ ಬಂದ ಅಜ್ಜನ ಮುಖ ನೋಡಿ, “ಜೋಡೆತ್ತು ಇತ್ತಾ?” ಎಂದು ಕೇಳಿದೆ. ಅವರು ಯಾವುದಕ್ಕೆ ಹಾಕಿದೆ ಎಂದು ಹೇಳಲಿಲ್ಲ. ಕೆರೆಯ ಏರಿಯ ಮೇಲೆ ಸ್ವಲ್ಪ ದೂರ ನಡೆದ ಮೇಲೆ, “ಎತ್ತು ಬದಲಾದ್ರೂ ಹೊರೆ ಹಂಗೇ ಇರ್ತು ತಂಗಿ” ಎಂದಷ್ಟೇ ಹೇಳಿದರು. ಅದರ ಅರ್ಥ ನನಗೆ ತಿಳಿದದ್ದು ಸಾವಿರಾರು ಮೈಲಿ ಆಚೆ, ಇನ್ನೊಬ್ಬರ ಪಕ್ಷದ ಚರಿತ್ರೆ ಓದಿದ ಮೇಲೆ.

ಒಂದು ಪಕ್ಷದ ಜನ ಬದಲಾಗಿ, ಸಿದ್ಧಾಂತ ಬದಲಾಗಿ, ಅದು ಬೇರೂರಿದ್ದ ಪ್ರಾಂತವೂ ಬದಲಾದ ಮೇಲೆ, ಅದು ಅದೇ ಪಕ್ಷ ಎಂದು ಯಾವ ಆಧಾರದ ಮೇಲೆ ಹೇಳುವುದು? ನಮ್ಮ ನೆಲದ ತತ್ತ್ವಚಿಂತನೆಗೆ ಇದು ಹೊಸ ಪ್ರಶ್ನೆಯಲ್ಲ. ರಥ ಏರಿ ಬಂದ ಮಿಲಿಂದ ರಾಜನನ್ನು ಬೌದ್ಧ ಭಿಕ್ಷು ನಾಗಸೇನ ಕೇಳಿದ್ದು ಇದನ್ನೇ. ಚಕ್ರ ರಥವೇ? ಅಚ್ಚು ರಥವೇ? ನೊಗ ರಥವೇ? ಯಾವುದೂ ಅಲ್ಲ, ಇವೆಲ್ಲ ಕೂಡಿದಾಗ ವ್ಯವಹಾರಕ್ಕೆಂದು ನಾವು ಇಟ್ಟುಕೊಂಡ ಹೆಸರು ರಥ. ಪಕ್ಷವೂ ಅಂಥ ಹೆಸರೇ ಎಂದು ನಾನು ಕೆಲವು ಕಾಲ ನಂಬಿದ್ದೆ. ಹಾಗೆ ನಂಬಿದರೆ ಮನಸ್ಸಿಗೆ ಸಮಾಧಾನ. ಹೆಸರನ್ನು ಬಿಟ್ಟರೆ ಏನನ್ನೂ ಬಿಟ್ಟಂತಲ್ಲ, ಹಿಡಿದುಕೊಂಡರೆ ಏನನ್ನೂ ಹಿಡಿದಂತಲ್ಲ.

ಆದರೆ ರಥ ಯಾರಿಗೂ ಮಾತು ಕೊಟ್ಟಿರುವುದಿಲ್ಲ. ಪಕ್ಷ ಕೊಟ್ಟಿರುತ್ತದೆ. ಮಾತು ಕೊಟ್ಟವರು ಸತ್ತುಹೋಗಬಹುದು. ಮಾತು ಪಡೆದವರ ಮಕ್ಕಳು ಬಾಗಿಲಲ್ಲಿ ನಿಂತಿರುತ್ತಾರೆ. ಅವರ ಎದುರು ನಿಂತು, ಚಕ್ರವೂ ಪಕ್ಷವಲ್ಲ, ನೊಗವೂ ಪಕ್ಷವಲ್ಲ ಎಂದು ಉಪದೇಶಿಸಲು ಯಾರಿಗೆ ಬಾಯಿ ಬರುತ್ತದೆ?

ಆ ಮಾತು ಏನೆಂದು ಕೇಳಿದರೆ 1854ಕ್ಕೆ ಹೋಗಬೇಕು. ಕಾನ್ಸಸ್-ನೆಬ್ರಾಸ್ಕ ಕಾಯ್ದೆ ಪಶ್ಚಿಮದ ಹೊಸ ಪ್ರಾಂತಗಳಿಗೆ ಗುಲಾಮಗಿರಿ ಹಬ್ಬಲು ಬಾಗಿಲು ತೆರೆಯಿತು. ಅದನ್ನು ವಿರೋಧಿಸಿ ವಿಸ್ಕಾನ್ಸಿನ್ನಿನ ರಿಪನ್ ಎಂಬ ಊರಿನ ಸಣ್ಣ ಶಾಲೆಯಲ್ಲಿ, ಮಿಷಿಗನ್ನಿನ ಜಾಕ್ಸನ್ನಿನಲ್ಲಿ, ಇನ್ನೂ ಹಲವೆಡೆ ಜನ ಸೇರಿದರು. ರಿಪಬ್ಲಿಕನ್ ಪಕ್ಷ ಹುಟ್ಟಿದ್ದು ಹೀಗೆ. ಹುಟ್ಟುವಾಗಲೇ ಅದರಲ್ಲಿ ಬಣಗಳಿದ್ದವು. ಗುಲಾಮಗಿರಿ ಪಾಪ ಎಂದವರು ಕೆಲವರು. ಪಶ್ಚಿಮದ ಭೂಮಿ ಬಿಳಿಯ ರೈತರಿಗೇ ಸಿಗಲಿ ಎಂದಷ್ಟೇ ಬಯಸಿದವರು ಕೆಲವರು. ಮುರಿದುಬಿದ್ದ ವಿಗ್ ಪಕ್ಷದಿಂದ ಬಂದ ವ್ಯಾಪಾರಿಗಳೂ ಇದ್ದರು, ಡೆಮಾಕ್ರಟಿಕ್ ಪಕ್ಷ ಬಿಟ್ಟು ಬಂದವರೂ ಇದ್ದರು. ಆದ್ದರಿಂದ ಮೂಲದಲ್ಲಿ ಒಂದು ಶುದ್ಧ ಪಕ್ಷವಿತ್ತು, ಆಮೇಲೆ ಕೆಟ್ಟಿತು ಎಂಬ ಕಥೆಯನ್ನು ನಾನು ಒಪ್ಪುವುದಿಲ್ಲ. ಅಂತರ್ಯುದ್ಧದ ಬೆಂಕಿ ಈ ಬೆರಕೆಯನ್ನು ಕರಗಿಸಿ ಮೂರು ವಾಗ್ದಾನಗಳನ್ನು ಎರಕ ಹೊಯ್ದಿತು. 1865ರ ತಿದ್ದುಪಡಿ ಗುಲಾಮಗಿರಿಯನ್ನು ತೆಗೆಯಿತು. 1868ರದು ಪೌರತ್ವವನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ಕೊಟ್ಟಿತು. 1870ರದು ಜನಾಂಗದ ಕಾರಣಕ್ಕೆ ಮತದ ಹಕ್ಕು ಕಿತ್ತುಕೊಳ್ಳಕೂಡದು ಎಂದಿತು.

ಈ ಮಾತು ಮುರಿದದ್ದು ಎಂದು? ಬಹಳ ಜನ 1964ರ ಕಡೆ ಬೆರಳು ತೋರಿಸುತ್ತಾರೆ. ನಾನು 1876ರ ಬೇಸಿಗೆಯನ್ನು ನೋಡುತ್ತೇನೆ. ಸಿನ್ಸಿನಾಟಿಯಲ್ಲಿ ಪಕ್ಷದ ಅಧಿವೇಶನ. ಗುಲಾಮರಾಗಿ ಹುಟ್ಟಿ, ತಪ್ಪಿಸಿಕೊಂಡು, ತಮ್ಮ ವಿದ್ಯೆ ವಾಕ್ಶಕ್ತಿಗಳಿಂದ ದೇಶವನ್ನೇ ಎಬ್ಬಿಸಿದ ಫ್ರೆಡರಿಕ್ ಡಗ್ಲಸ್ ವೇದಿಕೆಗೆ ಬಂದರು. ಅವರು ಅಲ್ಲಿ ಕೃತಜ್ಞತೆ ಹೇಳಿ ಇಳಿಯಲಿಲ್ಲ. ಬಿಡುಗಡೆ ಮಾಡಿದಿರಿ, ಆದರೆ ಕಾಲೂರಲು ಒಂದು ತುಂಡು ನೆಲ ಕೊಡದೆ ಬಿರುಗಾಳಿಗೆ ಬಿಟ್ಟಿರಿ ಎಂದರು. ಕಾನೂನಿನ ಅಕ್ಷರದಲ್ಲಿ ಕೊಟ್ಟ ಹಕ್ಕನ್ನು ಬಂದೂಕಿನ ಎದುರು ಚಲಾಯಿಸಲಾಗದಿದ್ದರೆ ಆ ಹಕ್ಕಿಗೆ ಅರ್ಥವೇನು ಎಂದರು. ಸಂವಿಧಾನದಲ್ಲಿ ನೀವೇ ಬರೆದ ವಾಗ್ದಾನವನ್ನು ನಡೆಸಿಕೊಡುವ ಮನಸ್ಸಿದೆಯೋ ಇಲ್ಲವೋ ಎಂದು ನೇರವಾಗಿ ಕೇಳಿದರು. ಸಾಲಪತ್ರ ಬರೆದುಕೊಟ್ಟವರ ಎದುರು ಅದನ್ನೇ ಓದಿ ಹೇಳಿದಂತಿತ್ತು ಆ ಮಾತು.

ಆ ಅಧಿವೇಶನ ಆರಿಸಿದ ಹೇಯ್ಸ್, ವಿವಾದದ ಚುನಾವಣೆಯಲ್ಲಿ 185ಕ್ಕೆ 184, ಒಂದೇ ಒಂದು ಎಲೆಕ್ಟೋರಲ್ ಮತದ ಅಂತರದಲ್ಲಿ ಅಧ್ಯಕ್ಷರಾದರು. 1877ರ ವಸಂತದಲ್ಲಿ ದಕ್ಷಿಣ ಕೆರೊಲಿನಾ, ಲೂಸಿಯಾನಗಳ ಶಾಸನಭವನಗಳಿಗೆ ಕಾವಲಿದ್ದ ಕೇಂದ್ರದ ಸೈನಿಕರನ್ನು ಹಿಂದಕ್ಕೆ ಕರೆಸಿದರು. ದಕ್ಷಿಣದಲ್ಲಿ ಉಳಿದಿದ್ದ ಕೊನೆಯ ರಿಪಬ್ಲಿಕನ್ ಸರ್ಕಾರಗಳು ಬಿದ್ದವು. ಕರಿಯರ ಮತ ವರ್ಷದಿಂದ ವರ್ಷಕ್ಕೆ ಬತ್ತಿತು. 1890ರಲ್ಲಿ ಹೆನ್ರಿ ಕ್ಯಾಬಟ್ ಲಾಜ್ ಆ ಮತವನ್ನು ಕಾಯುವ ಮಸೂದೆ ತಂದರು. ಕೆಳಮನೆಯಲ್ಲಿ ಅದು ಕೆಲವೇ ಮತಗಳಿಂದ ಗೆದ್ದಿತು. ಸೆನೆಟ್‌ನಲ್ಲಿ ಪಶ್ಚಿಮದ ಬೆಳ್ಳಿ ಗಣಿಯ ರಾಜ್ಯಗಳ ರಿಪಬ್ಲಿಕನ್ನರೇ ಅದನ್ನು ಬದಿಗೆ ಸರಿಸಿದರು. ಅವರಿಗೆ ಬೆಳ್ಳಿಯ ನಾಣ್ಯದ ಮಸೂದೆ ಮುಖ್ಯವಾಗಿತ್ತು. ದಕ್ಷಿಣದಲ್ಲಿ ಪಕ್ಷದೊಳಗೇ ‘ಲಿಲಿ ಬಿಳುಪು’ ಎಂಬ ಬಣ ಎದ್ದು, ಕರಿಯ ಕಾರ್ಯಕರ್ತರನ್ನು ಸಮಿತಿಗಳಿಂದ ಹೊರಗೆ ತಳ್ಳುತ್ತ ಹೋಯಿತು. ಅಷ್ಟೂ ಕಾಲ ಪಕ್ಷದ ಸಭೆಗಳಲ್ಲಿ ಲಿಂಕನ್ನರ ಹೆಸರು ಮೊಳಗುತ್ತಲೇ ಇತ್ತು.

ಡಗ್ಲಸ್ ಪಕ್ಷ ಬಿಡಲಿಲ್ಲ. ಪಕ್ಷವೇ ಹಡಗು, ಹೊರಗೆ ಇರುವುದೆಲ್ಲ ಸಮುದ್ರ ಎಂಬುದು ಅವರ ನಿಲುವು. 1877ರಲ್ಲಿ ಹೇಯ್ಸ್ ಕೊಟ್ಟ ಹುದ್ದೆಯನ್ನೂ ಅವರು ಒಪ್ಪಿಕೊಂಡರು. 1895ರಲ್ಲಿ ತೀರಿಕೊಳ್ಳುವವರೆಗೂ ಒಳಗಿದ್ದೇ ಕೇಳುತ್ತಿದ್ದರು. ಇದು ಅವರ ದೌರ್ಬಲ್ಯ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ಸುತ್ತ ನಿಜಕ್ಕೂ ಸಮುದ್ರವಿದ್ದಾಗ ಹಡಗಿನಲ್ಲಿ ತೂತಿದೆ ಎಂದು ಹಾರುವುದು ಸುಲಭವಲ್ಲ.

ಸಿನ್ಸಿನಾಟಿಯ ಆ ಭಾಷಣವಾಗಿ ಐವತ್ತಾರು ವರ್ಷಗಳ ಮೇಲೆ, 1932ರಲ್ಲಿ, ರಾಬರ್ಟ್ ವಾನ್ ಎಂಬ ಪತ್ರಕರ್ತರು ಇನ್ನೊಂದು ಮಾತಾಡಿದರು. ‘ಪಿಟ್ಸ್‌ಬರ್ಗ್ ಕೂರಿಯರ್’ ಕರಿಯರ ದೊಡ್ಡ ಪತ್ರಿಕೆ. ವಾನ್ ಅದರ ಸಂಪಾದಕರು, ಅದುವರೆಗೆ ರಿಪಬ್ಲಿಕನ್ನರ ಪರವಾಗಿ ದುಡಿದವರು. ಕ್ಲೀವ್‌ಲೆಂಡಿನ ಸಭೆಯಲ್ಲಿ ಅವರು ತಮ್ಮ ಜನರಿಗೆ, ಮನೆಗೆ ಹೋಗಿ ಲಿಂಕನ್ನರ ಚಿತ್ರವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿ, ಆ ಋಣ ಪೂರ್ತಿ ತೀರಿದೆ ಎಂದರು. ನಾಲ್ಕೇ ವರ್ಷಗಳಲ್ಲಿ, 1936ರ ಹೊತ್ತಿಗೆ, ಉತ್ತರದ ನಗರಗಳ ಕರಿಯ ಮತದಾರರಲ್ಲಿ ಬಹುಪಾಲು ಜನ ಡೆಮಾಕ್ರಟಿಕ್ ಪಕ್ಷದ ಕಡೆ ತಿರುಗಿಯೇಬಿಟ್ಟರು.

ಇದನ್ನು ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡಿದೆ. ಡಗ್ಲಸ್ ಪ್ರಕಾರ ಋಣಿ ಪಕ್ಷ. ಪಕ್ಷದ ಪ್ರಕಾರ ಋಣಿ ಕರಿಯ ಮತದಾರ, ಏಕೆಂದರೆ ಲಿಂಕನ್ ಅವನನ್ನು ಬಿಡಿಸಿದರು. ಒಂದೇ ಋಣದ ಪುಸ್ತಕವನ್ನು ಎರಡು ಕಡೆಯಿಂದ ಓದುತ್ತಿದ್ದರು. ಅರುವತ್ತು ವರ್ಷ ಪಕ್ಷ ತನ್ನ ಬಾಕಿಯನ್ನು ತೀರಿಸದೆ, ಬಾಕಿ ಬರಬೇಕಾದವರಿಂದಲೇ ಬಡ್ಡಿ ವಸೂಲು ಮಾಡಿತ್ತು. ವಾನ್ ಆ ವಸೂಲಿಯನ್ನು ನಿಲ್ಲಿಸಿದರು.

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಋಣ ಎಂಬುದು ದಿನಬಳಕೆಯ ಮಾತು. ಮನುಷ್ಯ ಹುಟ್ಟುವಾಗಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಮೂರು ಋಣ ಹೊತ್ತು ಬರುತ್ತಾನೆ ಎಂಬ ವೇದದ ಮಾತನ್ನು ಅಪ್ಪಯ್ಯ ಸಂಧ್ಯಾವಂದನೆ ಮುಗಿಸಿ ಏಳುವಾಗ ಹೇಳುತ್ತಿದ್ದರು. ಶತಪಥ ಬ್ರಾಹ್ಮಣ ಅದಕ್ಕೆ ನಾಲ್ಕನೆಯದಾಗಿ ಮನುಷ್ಯಋಣವನ್ನು ಸೇರಿಸುತ್ತದೆ. ಸಾಲಕ್ಕೂ ಋಣಕ್ಕೂ ವ್ಯತ್ಯಾಸವಿದೆ. ಸಾಲಕ್ಕೆ ಕಾಗದವಿದೆ, ಮೊತ್ತವಿದೆ, ಗಡುವಿದೆ. ನಾನು ಕೈಯೊಡ್ಡಿ ತಂದದ್ದು ಅದು. ಋಣ ನಾನು ಕೇಳದೆಯೇ ಬಂದದ್ದು. ಹುಟ್ಟಿದ ಮನೆಯ ಜೊತೆ, ಹೆಸರಿನ ಜೊತೆ ಬಂದದ್ದು. ನಾನು ಮಾಡಿದ್ದಲ್ಲವಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಆದರೆ ಅದೇ ಮನೆಯಲ್ಲಿ ನಾನು ಇನ್ನೊಂದನ್ನೂ ಕಂಡಿದ್ದೇನೆ. ನಮ್ಮ ತೋಟದಲ್ಲಿ ಒಂದು ಕುಟುಂಬ ಮೂರು ತಲೆಮಾರು ದುಡಿಯಿತು. ಯಾವುದೋ ಮದುವೆಗೆ ಕೊಟ್ಟ ಹಣದ ಲೆಕ್ಕ ಎಂದೂ ಮುಗಿಯಲಿಲ್ಲ. ಅವರ ಮಗ ಶಾಲೆಗೆ ಹೋಗುತ್ತೇನೆ ಎಂದಾಗ ನಮ್ಮ ಮನೆಯ ಹಿರಿಯರೊಬ್ಬರು, ಈ ಮನೆಯ ಉಪ್ಪಿನ ಋಣ ಮರೆತೆಯಾ ಎಂದು ಕೇಳಿದ್ದು ನನಗೆ ಇಂದಿಗೂ ಕಿವಿಯಲ್ಲಿದೆ. 1976ರಲ್ಲಿ ಜೀತ ನಿಷೇಧದ ಕಾನೂನು ಬಂದ ಮೇಲೆ ಅವರು ಹೊರಟುಹೋದರು. ದುಡಿದವರು ಅವರು, ಉಂಡವರು ನಾವು. ಋಣದ ಮಾತಾಡಿದವರೂ ನಾವೇ. ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡ ಅಜ್ಜನ ಮನೆಯಲ್ಲೇ ಇದು ನಡೆಯಿತು. ಆ ನಾಚಿಕೆ ನನ್ನ ಜೊತೆ ಕಡಲು ದಾಟಿ ಬಂದಿದೆ.

ಆದ್ದರಿಂದ ಈ ಪದದ ಬಗ್ಗೆ ನಾನು ಕಂಡುಕೊಂಡದ್ದು ಇಷ್ಟು: ಋಣವೆಂಬ ಮಾತನ್ನು ನನ್ನ ಬಗ್ಗೆ ನಾನೇ ಆಡಿದರೆ ಅದು ಧರ್ಮ. ನನಗಿಂತ ಬಲವಿಲ್ಲದವನ ಕಡೆ ತಿರುಗಿಸಿ ಆಡಿದರೆ ಅದೇ ಸಂಕೋಲೆ. ಡಗ್ಲಸ್ ಪಕ್ಷಕ್ಕೆ ಹೊಸ ಋಣ ಹೊರಿಸಲಿಲ್ಲ. ಪಕ್ಷ ತಾನೇ ತನ್ನ ಬಗ್ಗೆ ಬರೆದುಕೊಂಡದ್ದನ್ನು ನೆನಪಿಸಿದರು. ಒಂದು ಪಕ್ಷ, ಒಂದು ಮಠ, ಒಂದು ಮನೆತನ ಹಿಂದಿನದೇ ಆಗಿ ಉಳಿದಿದೆಯೋ ಇಲ್ಲವೋ ಎಂದು ತಿಳಿಯಲು ನನಗೆ ಈಗ ಒಂದೇ ಒರೆಗಲ್ಲು. ಅದು ತನ್ನ ಹೆಸರಿನ ಹಿರಿಮೆಯ ಜೊತೆ ಹೆಸರಿನ ಬಾಕಿಯನ್ನೂ ತನ್ನದೆನ್ನುತ್ತದೆಯೇ? ತೋಟ ನನ್ನದು, ತೋಟದ ಮೇಲಿನ ಸಾಲ ಅಪ್ಪನದು ಎನ್ನುವ ಮಗನನ್ನು ನಮ್ಮ ಕಡೆ ಯಾರೂ ವಾರಸುದಾರ ಎನ್ನುವುದಿಲ್ಲ.

ಈ ಒರೆಗಲ್ಲು ಹಿಡಿದರೆ ಬಣಗಳ ಏರಿಳಿತ ಬೇರೆಯಾಗಿ ಕಾಣುತ್ತದೆ. ಸಿದ್ಧಾಂತ ಬದಲಾಗುವುದು ತಪ್ಪಲ್ಲ. ಬದಲಾಗದ ಪಕ್ಷ ಸತ್ತ ಪಕ್ಷ. ಮೆಕಿನ್ಲಿಯವರ ಕಾಲದಲ್ಲಿ ಆಮದು ಸುಂಕವೇ ರಿಪಬ್ಲಿಕನ್ನರ ಮಂತ್ರ. ರೇಗನ್ನರ ಕಾಲಕ್ಕೆ ಮುಕ್ತ ವ್ಯಾಪಾರ. ಟ್ರಂಪರ ಕಾಲಕ್ಕೆ ಮತ್ತೆ ಸುಂಕ. ವರ್ಮಾಂಟಿನ ಒಳಗೂ ಜಗಳವಿತ್ತು. ಅಮೃತಶಿಲೆಯ ಗಣಿಗಳ ಒಡೆಯರಾದ ಪ್ರಾಕ್ಟರ್ ಮನೆತನದ ಬಣ ಒಂದು. ಪಟ್ನಿ ಊರಿನ ಸಸಿಮಡಿಯ ರೈತ ಜಾರ್ಜ್ ಏಕನ್, ಅವರ ಗೆಳೆಯ ಅರ್ನೆಸ್ಟ್ ಗಿಬ್ಸನ್ ಇವರ ಬಣ ಇನ್ನೊಂದು. 1946ರಲ್ಲಿ ಗಿಬ್ಸನ್ ಪಕ್ಷದೊಳಗಿನ ಚುನಾವಣೆಯಲ್ಲಿ ಅಧಿಕಾರದಲ್ಲಿದ್ದ ರಾಜ್ಯಪಾಲ ಮಾರ್ಟಿಮರ್ ಪ್ರಾಕ್ಟರರನ್ನು ಸೋಲಿಸಿದರು. ಕೊಟ್ಟಿಗೆ ಅಜ್ಜನ ಅಪ್ಪ ಏಕನ್ ಕಡೆಯವರು. ಗುಡ್ಡದ ಹಳ್ಳಿಗಳಿಗೆ ವಿದ್ಯುತ್ ಬರಬೇಕೆಂದು ಹೋರಾಡಿದವರು ಏಕನ್. ಕೊಟ್ಟಿಗೆಯಲ್ಲಿ ಮೊದಲ ದೀಪ ಹೊತ್ತಿದ ರಾತ್ರಿ ಹಸುಗಳೆಲ್ಲ ಎದ್ದು ನಿಂತವು ಎಂದು ಅಜ್ಜ ಹೇಳುತ್ತಿದ್ದರು. ಇಂಥ ಜಗಳಗಳಿಂದ ಪಕ್ಷ ಕೆಡಲಿಲ್ಲ, ಬೆಳೆಯಿತು. 1954ರಲ್ಲಿ ತಮ್ಮದೇ ಪಕ್ಷದ ಸೆನೆಟರ್ ಜೋಸೆಫ್ ಮೆಕಾರ್ಥಿಯವರ ವಿರುದ್ಧ ಖಂಡನೆಯ ನಿರ್ಣಯ ಮಂಡಿಸಿದವರೂ ವರ್ಮಾಂಟಿನ ರಿಪಬ್ಲಿಕನ್ ಸೆನೆಟರ್ ರಾಲ್ಫ್ ಫ್ಲಾಂಡರ್ಸ್. ಅಂದು ಮತಕ್ಕೆ ಹಾಕಿದಾಗ ರಿಪಬ್ಲಿಕನ್ನರು 22ಕ್ಕೆ 22, ಸರಿಯಾಗಿ ಎರಡು ಹೋಳಾದರು.

1964 ಬೇರೆ ತರಹದ ವರ್ಷ. ಆ ಬೇಸಿಗೆಯಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಸೆನೆಟ್ ದಾಟಿದ್ದು ರಿಪಬ್ಲಿಕನ್ ನಾಯಕ ಎವರೆಟ್ ಡರ್ಕ್ಸನ್ನರ ಬೆಂಬಲದಿಂದ. ಪಕ್ಷದ 33 ಸೆನೆಟರುಗಳಲ್ಲಿ 27 ಮಂದಿ ಪರವಾಗಿ ಮತ ಹಾಕಿದರು. ನೂರು ವರ್ಷದ ಹಳೆಯ ಬಾಕಿಯ ಒಂದು ಕಂತು ಅಂದು ಸಂದಾಯವಾಯಿತು ಎಂದೇ ನಾನು ತಿಳಿಯುತ್ತೇನೆ. ಅದಾಗಿ ತಿಂಗಳೊಳಗೆ, ವಿರುದ್ಧ ಮತ ಹಾಕಿದ ಆರು ಮಂದಿಯಲ್ಲಿ ಒಬ್ಬರಾದ ಬ್ಯಾರಿ ಗೋಲ್ಡ್‌ವಾಟರ್ ಸ್ಯಾನ್ ಫ್ರಾನ್ಸಿಸ್ಕೋ ಅಧಿವೇಶನದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾದರು. 1957 ಮತ್ತು 1960ರ ಹಕ್ಕುಗಳ ಕಾಯ್ದೆಗಳಿಗೆ ಅವರು ಬೆಂಬಲ ಕೊಟ್ಟಿದ್ದರು. ಈ ಕಾಯ್ದೆಗೆ ಅವರ ಆಕ್ಷೇಪ ಸಂವಿಧಾನದ ನೆಲೆಯದೆಂದು ಅವರು ಹೇಳಿದ್ದು ಪ್ರಾಮಾಣಿಕವೇ ಇರಬಹುದು. ಆದರೆ ಆ ಸಭೆಯಲ್ಲಿ ಅವರ ಎದುರಾಳಿ ನೆಲ್ಸನ್ ರಾಕ್‌ಫೆಲರ್ ಮಾತಾಡಲು ನಿಂತಾಗ ಸೇರಿದ್ದ ಜನ ಕೂಗಿ ಅಡ್ಡಿಪಡಿಸಿದರು. ಬೇಸ್‌ಬಾಲ್ ಆಟದಲ್ಲಿ ವರ್ಣದ ಗೋಡೆ ಒಡೆದ ಜಾಕಿ ರಾಬಿನ್ಸನ್ ರಾಕ್‌ಫೆಲರರ ಬೆಂಬಲಿಗರಾಗಿ ಅಲ್ಲಿದ್ದು, ಗಾಯಗೊಂಡ ಮನಸ್ಸಿನಿಂದ ಹೊರಬಂದರು. ನವೆಂಬರಿನಲ್ಲಿ ಗೋಲ್ಡ್‌ವಾಟರ್ ಗೆದ್ದದ್ದು ಸ್ವಂತ ರಾಜ್ಯ ಅರಿಜೋನ ಮತ್ತು ಆಳ ದಕ್ಷಿಣದ ಐದು ರಾಜ್ಯಗಳು. ಮಿಸಿಸಿಪ್ಪಿಯಲ್ಲಿ ಅವರಿಗೆ ನೂರಕ್ಕೆ 87 ಮತ. ಕರಿಯರಿಗೆ ಅಲ್ಲಿ ಮತವೇ ಇರಲಿಲ್ಲ ಎನ್ನಬಹುದಾದ ಕಾಲ ಅದು. ಅದೇ ದಿನ ವರ್ಮಾಂಟ್ ತನ್ನ ಇತಿಹಾಸದಲ್ಲಿ ಮೊದಲ ಬಾರಿ ಡೆಮಾಕ್ರಟಿಕ್ ಅಭ್ಯರ್ಥಿಯನ್ನು, ಜಾನ್ಸನ್ನರನ್ನು, ಆರಿಸಿತು.

“ಆ ವರ್ಷ ನಾನು ಜಾನ್ಸನ್ನಿಗೆ ಹಾಕಿದೆ” ಎಂದು ಅಜ್ಜ ನನಗೆ ಹೇಳಿದ್ದು ಆ ಮೇ ತಿಂಗಳ ಬೆಳಗ್ಗೆಯೇ. “ಅಪ್ಪನಿಗೆ ಹೇಳಲಿಲ್ಲ. ಅಪ್ಪ ಸತ್ತ ಮೇಲೆ ಗೋಡೆಯ ಮೇಲಿನ ಆ ಮನುಷ್ಯನಿಗೆ ಹೇಳಿದೆ.”

ಜೆಫರ್ಡ್ಸ್ ಪಕ್ಷ ಬಿಟ್ಟದ್ದಕ್ಕೂ ಒಂದು ಬಾಕಿ ಕಾರಣವಾಗಿತ್ತು. ಅದು ನನ್ನ ಮನೆಯ ಬಾಗಿಲಿಗೇ ತಾಗಿದ್ದು. ನನ್ನ ಮಗನಿಗೆ ಹುಟ್ಟಿನಿಂದ ಕಿವಿ ಕೇಳುವುದು ಬಹಳ ಕಡಿಮೆ. ಅವನಿಗೆ ಮೂರು ವರ್ಷವಾದಾಗ ಶಾಲೆಯವರೇ ಕರೆದು, ಸನ್ನೆ ಭಾಷೆ ಕಲಿಸುವವರನ್ನು ಒದಗಿಸುವುದು ತಮ್ಮ ಕರ್ತವ್ಯ ಎಂದರು. ನಾನು ಕಚೇರಿಯ ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತೆ. ಇದು ಸಾಧ್ಯವಾದದ್ದು 1975ರ ಕಾನೂನಿನಿಂದ. ಅಂಗವಿಕಲ ಮಕ್ಕಳೆಲ್ಲರಿಗೂ ಸರ್ಕಾರಿ ಶಾಲೆಯಲ್ಲಿ ತಕ್ಕ ಶಿಕ್ಷಣ ಕೊಡಲೇಬೇಕು ಎಂದ ಕಾನೂನು ಅದು. ಆ ವರ್ಷ ತಾನೇ ಕೆಳಮನೆಗೆ ಹೋಗಿದ್ದ ಜೆಫರ್ಡ್ಸ್ ಅದನ್ನು ರೂಪಿಸಿದವರಲ್ಲಿ ಒಬ್ಬರು. ಸಹಿ ಹಾಕಿದವರು ರಿಪಬ್ಲಿಕನ್ ಅಧ್ಯಕ್ಷ ಜೆರಾಲ್ಡ್ ಫೋರ್ಡ್. ಇಂಥ ಪ್ರತಿ ಮಗುವಿಗೂ, ಶಾಲಾ ಮಗುವೊಂದಕ್ಕೆ ದೇಶದಲ್ಲಿ ತಗಲುವ ಸರಾಸರಿ ಖರ್ಚಿನ ನೂರಕ್ಕೆ 40ರಷ್ಟನ್ನು ಕೇಂದ್ರ ಕೊಡುವ ಮಟ್ಟಕ್ಕೆ ಬರುತ್ತದೆ ಎಂಬ ಮಾತು ಅದರಲ್ಲಿತ್ತು. ಕೇಂದ್ರ ಆ ಮಟ್ಟಕ್ಕೆ ಬರಲೇ ಇಲ್ಲ. 2001ರಲ್ಲಿ ದೊಡ್ಡ ತೆರಿಗೆ ಕಡಿತದ ಮಾತು ಬಂದಾಗ ಜೆಫರ್ಡ್ಸ್, ಮೊದಲು ಈ ಬಾಕಿ ಕೊಡಿ ಎಂದು ಪಟ್ಟುಹಿಡಿದರು. ಪಕ್ಷ ಕೇಳಲಿಲ್ಲ.

ಅವರು ಹೊರಟುಹೋದದ್ದರಿಂದ ಬಾಕಿ ತೀರಿತೇ? ಇಲ್ಲ. ಸೆನೆಟ್ ಕೈಬದಲಾಯಿತು, ಒಂದೂವರೆ ವರ್ಷದ ಮೇಲೆ ಮತ್ತೆ ಹಿಂದಕ್ಕೆ ಹೋಯಿತು. ಎರಡೂ ಪಕ್ಷಗಳು ಆಳಿದವು. ನೂರಕ್ಕೆ 40ರ ಮಾತು ಇಂದಿಗೂ ನಡೆದಿಲ್ಲ. ಬಿಟ್ಟು ಹೋಗುವುದೇ ಶುದ್ಧಿ ಎಂದು ನಂಬಲು ನನಗೆ ಇದು ಅಡ್ಡ ಬರುತ್ತದೆ. ಒಳಗೆ ಉಳಿಯುವುದೇ ನಿಷ್ಠೆ ಎಂದು ನಂಬಲು 1877 ಅಡ್ಡ ಬರುತ್ತದೆ. ಈಗಿನ ನಮ್ಮ ರಾಜ್ಯಪಾಲ ಫಿಲ್ ಸ್ಕಾಟ್ ರಿಪಬ್ಲಿಕನ್ ಆಗಿಯೇ ಉಳಿದು, 2020ರಲ್ಲಿ ತಾವು ಬೈಡನ್ನರಿಗೆ ಮತ ಹಾಕಿದ್ದಾಗಿ ಎಲ್ಲರ ಎದುರು ಹೇಳಿದರು. ಜೆಫರ್ಡ್ಸ್ ಹೋದರು, ಸ್ಕಾಟ್ ಉಳಿದರು. ಇವರಲ್ಲಿ ಯಾರು ನಿಷ್ಠರು ಎಂದು ನನ್ನನ್ನು ಕೇಳಿದರೆ, ಅವರು ಎಲ್ಲಿ ನಿಂತರು ಎಂಬುದರಿಂದ ಹೇಳಲಾರೆ. ಯಾವ ಹೊರೆ ಹೊತ್ತು ನಿಂತರು ಎಂಬುದರಿಂದ ಹೇಳಬೇಕು.

ಹೊಸ ಬಣದವರ ಬಗ್ಗೆಯೂ ಇದೇ ಮಾತು. 2016ರಲ್ಲಿ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ನಿನ ಎಷ್ಟೋ ಕಾರ್ಮಿಕರು ಈ ಪಕ್ಷದ ಬಾಗಿಲಿಗೆ ಬಂದರು. ಅವರಲ್ಲಿ ಅನೇಕರು ಕಾರ್ಖಾನೆ ಮುಚ್ಚಿದ ಊರುಗಳಿಂದ ಬಂದವರು. ಹೊಸ ಕೆಲಸ ಬರುತ್ತದೆ ಎಂದು ಎರಡೂ ಪಕ್ಷಗಳಿಂದ ಕೇಳಿ ಕಾದು ಸೋತವರು. ಅವರನ್ನು ತಿರಸ್ಕಾರದಿಂದ ನೋಡುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಅವರೂ ಬಾಕಿ ಕೇಳಲು ಬಂದವರೇ. ನನಗಿರುವ ಭಯ ಒಂದೇ. ಅವರ ಬಾಕಿಯನ್ನು ಇನ್ನಾರದೋ ಪಾಲಿನಿಂದ, ಅವರಿಗಿಂತ ಬಡವನ ಪಾಲಿನಿಂದ, ನಿನ್ನೆ ಮೊನ್ನೆ ಬಂದ ವಲಸಿಗನ ಪಾಲಿನಿಂದ ಕಿತ್ತು ತೀರಿಸುತ್ತೇವೆ ಎಂದು ಹೇಳುವವರಿದ್ದಾರೆ. 1890ರಲ್ಲಿ ಬೆಳ್ಳಿ ಕೊಂಡದ್ದು ಹೀಗೆಯೇ, ಕರಿಯರ ಮತವನ್ನು ತೆತ್ತು. ಒಬ್ಬರ ಋಣವನ್ನು ಇನ್ನೊಬ್ಬರ ರಕ್ತದಿಂದ ತೀರಿಸಿದರೆ ಋಣ ತೀರುವುದಿಲ್ಲ, ಎರಡಾಗುತ್ತದೆ.

ಇಷ್ಟೆಲ್ಲ ಬರೆದ ಮೇಲೆ ನನ್ನ ಕಣ್ಣೆದುರು ಉಳಿಯುವುದು 2002ರ ಮಾರ್ಚಿನ ಮೊದಲ ಮಂಗಳವಾರ. ವರ್ಮಾಂಟಿನಲ್ಲಿ ಅದು ಊರ ಸಭೆಯ ದಿನ. ಸಭಾಭವನದ ಮರದ ಬೆಂಚುಗಳ ಮೇಲೆ ಒದ್ದೆ ಬೂಟು ಹಾಕಿದ ಜನ, ಹಿಂದೆ ಕಾಫಿ, ಮನೆಯಲ್ಲಿ ಮಾಡಿ ತಂದ ಸೂಪು. ಶಾಲೆಯ ಆಯವ್ಯಯ ಚರ್ಚೆಗೆ ಬಂತು. ವಿಶೇಷ ಶಿಕ್ಷಣದ ಖರ್ಚು ಏರಿದೆ, ಆಸ್ತಿ ತೆರಿಗೆ ಏರುತ್ತದೆ ಎಂದು ಒಬ್ಬರು ಎದ್ದು ಹೇಳಿದರು. ಇಷ್ಟೊಂದು ಹಣ ಕೆಲವೇ ಮಕ್ಕಳಿಗೆ ಏಕೆ ಎಂದು ಇನ್ನೊಬ್ಬರು ಕೇಳಿದರು. ನಾನು ತಲೆ ತಗ್ಗಿಸಿ ನೆಲ ನೋಡುತ್ತಿದ್ದೆ. ಹನ್ನೊಂದು ವರ್ಷದ ನನ್ನ ಮಗ ಪಕ್ಕದಲ್ಲಿದ್ದ. ಅವನಿಗೆ ಮಾತು ಕೇಳುತ್ತಿರಲಿಲ್ಲ, ಆದರೆ ಮುಖಗಳನ್ನು ಓದಲು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕೊಟ್ಟಿಗೆ ಅಜ್ಜ ಎದ್ದು ನಿಂತರು. ಅವರ ಮೊಮ್ಮಕ್ಕಳೂ ಶಾಲೆ ಮುಗಿಸಿದ್ದರು. ಮೂವತ್ತು ಹಸು, ಕಲ್ಲು ಗುಡ್ಡದ ನೂರಾರು ಎಕರೆ ಜಮೀನು. ತೆರಿಗೆ ಏರಿದರೆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಪೆಟ್ಟು ಅವರಿಗೇ. ಅವರು ಹೇಳಿದ್ದು ನಾಲ್ಕೇ ಮಾತು. “ಈ ಮಕ್ಕಳಿಗೆ ಕೊಡುತ್ತೇವೆ ಎಂದು ವಾಷಿಂಗ್ಟನ್ ಮಾತು ಕೊಟ್ಟಿತ್ತು. ಸಹಿ ಹಾಕಿದವರು ನನ್ನ ಪಕ್ಷದವರು. ಅವರಿಗೆ ಮತ ಹಾಕಿದವನು ನಾನು. ಅವರು ಕೊಡಲಿಲ್ಲ, ನನ್ನ ಪಾಲನ್ನು ನಾನು ಕೊಡುತ್ತೇನೆ.” ಕೂತರು. ಆಮೇಲೆ ಯಾರೂ ಮಾತಾಡಲಿಲ್ಲ. ಕೈ ಎತ್ತಿರಿ ಎಂದಾಗ ಮೊದಲು ಮೇಲಕ್ಕೆ ಹೋದದ್ದು ಅವರ ಕೈ. ಹಾಲು ಕರೆದು ಕರೆದು ಗೆಣ್ಣುಗಳು ಊದಿದ ಕೈ. ಆಯವ್ಯಯ ಪಾಸಾಯಿತು.

ಹತ್ತು ತಿಂಗಳ ಹಿಂದೆ ಕೊಟ್ಟಿಗೆಯಲ್ಲಿ ಕೇಳಿದ ಪ್ರಶ್ನೆಗೆ ಅಂದು ಅವರೇ ಉತ್ತರ ಕೊಟ್ಟರು ಎಂದು ನಾನು ತಿಳಿದಿದ್ದೇನೆ. ಯಾರು ಯಾರನ್ನು ಬಿಟ್ಟರು ಎಂಬ ಲೆಕ್ಕವನ್ನು ಅವರು ಬಿಟ್ಟುಕೊಟ್ಟಿದ್ದರು. ಹೊರೆ ರಸ್ತೆಯಲ್ಲಿ ಬಿದ್ದಿತ್ತು. ಎತ್ತು ಯಾವುದೆಂದು ನೋಡದೆ ಹೆಗಲು ಕೊಟ್ಟರು.

2010ರ ಜನವರಿಯಲ್ಲಿ ಅವರು ತೀರಿಕೊಂಡರು. ವಸಂತ ಬಂದ ಮೇಲೆ ಅವರ ಮಗಳು ಹಳೆಯ ಕಂಬಳಿಯಲ್ಲಿ ಸುತ್ತಿದ ಚಿತ್ರವನ್ನು ತಂದು ನಮ್ಮ ಅಡುಗೆಮನೆಯ ಮೇಜಿನ ಮೇಲಿಟ್ಟಳು. ಅಪ್ಪ ಇದು ನಿಮ್ಮ ಮಗನಿಗೆ ಎಂದು ಬರೆದಿಟ್ಟಿದ್ದಾರೆ ಎಂದಳು. ನಾನು ಆ ಪಕ್ಷಕ್ಕೆ ಎಂದೂ ಸೇರಿದವಳಲ್ಲ. ಚಿತ್ರ ಕೈಗೆ ತೆಗೆದುಕೊಂಡಾಗ ಮುತ್ತಜ್ಜಿಯ ಮೊಳೆಯ ಗುರುತು ಹಿಂದಿನ ಹಲಗೆಯಲ್ಲಿ ಆಳವಾಗಿತ್ತು. ಇದನ್ನು ಯಾಕೆ ನಮ್ಮ ಮನೆಯಲ್ಲಿ ಇಡಬೇಕು ಎಂದು ಮಗ ಸನ್ನೆಯಲ್ಲಿ ಕೇಳಿದ. ನಾನು ಅವನಿಗೆ ತೋಟದಲ್ಲಿ ದುಡಿದ ಆ ಕುಟುಂಬದ ಕಥೆ ಹೇಳಿದೆ, ಶಾಲೆಗೆ ಹೋಗಲು ಹೊರಟ ಆ ಹುಡುಗನ ಕಥೆ. ಅವನಿಗೆ ಅದನ್ನು ಹೇಳಿದ್ದು ಅದೇ ಮೊದಲು. ನನ್ನ ಬೆರಳುಗಳು ನಡುಗುತ್ತಿದ್ದವು, ಅವನು ತಾಳ್ಮೆಯಿಂದ ನೋಡಿದ. ಮುಗಿದ ಮೇಲೆ ಸುತ್ತಿಗೆ ತರಲು ಎದ್ದುಹೋದ.